ಹೊರಗಿನವಳ ಕೈನೀರು

ನಮ್ಮ ಊರು ಎಲ್ಲಿದೆ ಎಂದು ಕೇಳಿದವರಿಗೆ ನಾನು ಹೇಳುವುದಿಷ್ಟೇ. ದೊಡ್ಡ ರಸ್ತೆಯಲ್ಲಿ ಬಸ್ಸು ಇಳಿದು ಮಣ್ಣಿನ ದಾರಿ ಹಿಡಿಯಿರಿ. ಚರಂಡಿಯ ನೀರು ಒಂದು ಕಡೆ ಕೆಂಪಗೆ, ಇನ್ನೊಂದು ಕಡೆ ನೀಲಿಯಾಗಿ ಹರಿಯುತ್ತಿದ್ದರೆ ಊರು ಬಂತು ಎಂದು ತಿಳಿಯಿರಿ. ಮನೆಗೊಂದು ಬಣ್ಣದ ಹಂಡೆ, ಮನೆಗೊಂದು ಬಾವಿ, ಬಾವಿಗೊಂದು ಪಂಪು. ನೂಲಿಗೆ ಬಣ್ಣ ಹಾಕುವುದು ಬಿಟ್ಟರೆ ಇಲ್ಲಿನವರಿಗೆ ಗೊತ್ತಿರುವ ಇನ್ನೊಂದೇ ಕೆಲಸವೆಂದರೆ ಒಬ್ಬರ ಮನೆಯ ಸುದ್ದಿಯನ್ನು ಇನ್ನೊಬ್ಬರ ಮನೆಗೆ ಮುಟ್ಟಿಸುವುದು. ಎರಡರಲ್ಲೂ ಎತ್ತಿದ ಕೈ.

ಇಲ್ಲಿನ ಪಂಪುಗಳ ಗುಣವೇ ಬೇರೆ. ಮೋಟರು ನಿಂತ ಸ್ವಲ್ಪ ಹೊತ್ತಿಗೆಲ್ಲ ಪೈಪಿನಲ್ಲಿದ್ದ ನೀರು ಬಾವಿಗೆ ಇಳಿದುಹೋಗಿ ಪಂಪಿನ ಹೊಟ್ಟೆಯಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಗಾಳಿ ಸೇರಿದ ಪಂಪು ಎಷ್ಟು ತಿರುಗಿದರೂ ನೀರು ಎತ್ತುವುದಿಲ್ಲ, ಮೇಲಿನ ಬಾಯಿಗೆ ಒಂದು ಕೊಡ ನೀರು ಕುಡಿಸಬೇಕು. ಇದೇನೋ ಎಲ್ಲ ಊರಲ್ಲೂ ಇರುವುದೇ. ನಮ್ಮಲ್ಲಿ ಮಾತ್ರ ಆ ನೀರು ಹೊಯ್ಯುವ ಕೈ ಆ ಮನೆಯದಾಗಿರಕೂಡದು. ಮನೆಯವರು ಹೊಯ್ದರೆ ಗೊರಗೊರ ಬಾಯಿ ಮುಕ್ಕಳಿಸಿ ಹೊರಗೆ ಉಗುಳಿಬಿಡುತ್ತದೆ. ಹೊರಗಿನವರು ಹೊಯ್ದರೆ ತುಟಿಪಿಟಕ್ಕೆನ್ನದೆ ಕುಡಿದು ಬಾವಿಯ ನೀರನ್ನು ಎತ್ತಿ ಕೊಡುತ್ತದೆ. ಯಾಕೆ ಎಂದು ಕೇಳಬೇಡಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಕೇಳಿದ್ದೆ, ಬಿಸಿಲು ಯಾಕೆ ಬೆಚ್ಚಗಿರುತ್ತದೆ ಎಂದು ಕೇಳಿದವಳನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು.

ಹಾಗಾಗಿ ಬೆಳಗಾದರೆ ಓಣಿಯಲ್ಲಿ ಖಾಲಿ ಕೊಡಗಳ ಓಡಾಟ. ಖಾಲಿ ಕೊಡ ಹಿಡಿದು ಪಕ್ಕದ ಮನೆಯ ಹೊಸ್ತಿಲ ಮುಂದೆ ನಿಂತರೆ ಸಾಕು, ಬಾಯಿ ಬಿಟ್ಟು ಕೇಳುವ ಪದ್ಧತಿಯಿಲ್ಲ. ಒಳಗಿನವರು ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು, ಆ ಕೊಡವನ್ನು ತುಂಬಿಕೊಂಡು ಬಂದು, ನಿಮ್ಮ ಪಂಪಿಗೆ ಹೊಯ್ದು ಹೋಗುತ್ತಾರೆ. ಇದಕ್ಕೆ ಕೈನೀರು ಎಂದು ಹೆಸರು. ಹಿಂದಿನ ದಿನ ಜುಟ್ಟು ಹಿಡಿದು ಜಗಳಾಡಿದವರೂ ಬೆಳಿಗ್ಗೆ ಮುಖ ಊದಿಸಿಕೊಂಡೇ ಬಂದು ಕೈನೀರು ಹಾಕಿ ಹೋಗುವುದನ್ನು ಕಂಡಿದ್ದೇನೆ. ಮಾತು ಬಿಡಬಹುದು, ಕೈನೀರು ಬಿಡುವ ಹಾಗಿಲ್ಲ.

ಹೊಸ ಸೊಸೆ ಬಂದ ಮನೆಗೆ ಮಾತ್ರ ಈ ತಾಪತ್ರಯವಿಲ್ಲ. ಸೊಸೆ ಒಳಗೇ ಉಂಡು ಒಳಗೇ ಮಲಗಿದರೂ ಪಂಪಿನ ಲೆಕ್ಕದಲ್ಲಿ ಇನ್ನೂ ಹೊರಗಿನವಳು. ಅವಳ ಕೈಯಿಂದ ಹೊಯ್ಯಿಸಿದರೆ ಆಯಿತು. ಹಾಗೆಯೇ ನಡೆದುಕೊಂಡು ಹೋಗಿ ಒಂದು ದಿನ ಪಂಪು ಅವಳು ಹೊಯ್ದ ನೀರನ್ನೂ ಉಗುಳುತ್ತದೆ. ಅಂದು ಆ ಮನೆಯಲ್ಲಿ ಹೋಳಿಗೆ. ಸೊಸೆಯ ಸೀರೆ ಒದ್ದೆ, ಅತ್ತೆಯ ಕಣ್ಣು ಒದ್ದೆ, ಓಣಿಯವರ ಬಾಯಿ ಸಿಹಿ. ಅಂದಿನಿಂದ ಅವಳೂ ಉಳಿದವರ ಜೊತೆ ಖಾಲಿ ಕೊಡ ಹಿಡಿದು ಓಣಿಗಿಳಿಯುತ್ತಾಳೆ. ಕೆಲವರಿಗೆ ಆರು ತಿಂಗಳಿಗೆ ಆಗುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಮೇಲಿನ ಓಣಿಯಲ್ಲಿ ಒಬ್ಬಳಿಗೆ ಬಂದ ವಾರದಲ್ಲೇ ಆಗಿಹೋಯಿತು, ನಾಲಗೆ ಬಲು ಉದ್ದ ಆ ಹುಡುಗಿಯದು.

ನನಗೆ ಐದು ವರ್ಷವಾದರೂ ಆಗಲಿಲ್ಲ.

ನನ್ನ ಹೆಸರು ಸುಗಲಾ. ಗಂಡನ ಹೆಸರು ಹೇಳಬಾರದಂತೆ, ಹೇಳುತ್ತೇನೆ, ಗುರುಪಾದ. ಮಾತು ಕಡಿಮೆ, ಕೆಲಸ ಜಾಸ್ತಿ. ಅವರ ಅವ್ವ, ನನ್ನ ಅತ್ತೆ, ನಿಂಬೆವ್ವ. ಊರಿನಲ್ಲಿ ದಾಳಿಂಬೆ ಕೆಂಪು ಎಂಬ ಬಣ್ಣ ಹಾಕಲು ಬರುವುದು ಅವರೊಬ್ಬರಿಗೇ. ಆ ಬಣ್ಣಕ್ಕಿಂತ ಅವರ ಬಾಯಿ ಇನ್ನೂ ಹೆಸರುವಾಸಿ. ಹಾಲಿನವನನ್ನು ಬೈಯುತ್ತಾರೆ, ಹಾಲು ಕೊಟ್ಟ ಎಮ್ಮೆಯನ್ನೂ ಬೈಯುತ್ತಾರೆ. ಒಣಗಲು ಹಾಕಿದ ನೂಲಿನ ಮೇಲೆ ಮೋಡ ಬಂದರೆ ಮೋಡವನ್ನೂ ಬಿಡುವುದಿಲ್ಲ. ಹೆತ್ತ ಮಗನಿಗಂತೂ ದಿನಾ ಬೆಳಿಗ್ಗೆ ಚಹಾದ ಜೊತೆ ಎರಡು ಬೈಗುಳ ಇರಲೇಬೇಕು. ನನ್ನ ಗಂಡನೂ ಅದಿಲ್ಲದೆ ಚಹಾ ಕುಡಿದವರಲ್ಲ.

ನನಗೆ ಮಾತ್ರ ಒಂದು ಮಾತೂ ಅಂದವರಲ್ಲ. ಅನ್ನ ಹೊತ್ತಿಸಿದರೆ ಹೊತ್ತಿದ ಅನ್ನವೇ ರುಚಿ ಎಂದು ಉಣ್ಣುತ್ತಿದ್ದರು. ನೂಲಿನ ಲಡಿಗಳನ್ನು ಒಂದಕ್ಕೊಂದು ಗಂಟು ಹಾಕಿಬಿಟ್ಟಾಗ ತಾವೇ ಕುಳಿತು ಮಧ್ಯಾಹ್ನವೆಲ್ಲ ಬಿಡಿಸಿದರು, ಒಂದು ನಿಟ್ಟುಸಿರೂ ಬಿಡಲಿಲ್ಲ. ನನಗೆ ಬಡಿಸುವ ತಟ್ಟೆ ಬೇರೆ, ಬೀಗರು ಬಂದಾಗ ತೆಗೆಯುವಂಥದು. ಹಂಡೆಯ ಬಳಿ ಹೋದರೆ ಹೊಗೆ ಬರುತ್ತದೆ ಆಚೆ ಕುಳಿತುಕೋ ಎನ್ನುವರು. ಕೈಗೆ ಬಣ್ಣ ಹತ್ತಿದರೆ ಹೋಗುವುದಿಲ್ಲ, ಬೇಡ ಎನ್ನುವರು. ನನ್ನಿಂದ ಅವರು ಕೇಳುತ್ತಿದ್ದದ್ದು ಒಂದೇ, ಪಂಪಿಗೆ ಒಂದು ಕೊಡ ನೀರು. ಅದನ್ನೂ ಹೇಗೆ ಕೇಳುತ್ತಿದ್ದರು ಅಂತೀರಿ! ನಮ್ಮ ಊರಿನ ಸಾಹುಕಾರರ ಹತ್ತಿರ ಮಾತಾಡುವ ಹಾಗೆ, ಸ್ವಲ್ಪ ತೊಂದರಿ ತಗೋತೀಯೇನವಾ ಎಂದು.

ನಾನೂ ಕಡಿಮೆಯೇನಲ್ಲ. ನನ್ನ ತವರಲ್ಲಿ ಗುಂಡಿ ಒತ್ತಿದರೆ ನೀರು, ಯಾರ ಕೈ ಯಾವ ಕೈ ಎಂದು ಕೇಳುವವರಿಲ್ಲ. ಅಲ್ಲಿಂದ ಬಂದವಳು ಬಂದ ವಾರದಲ್ಲಿ ಮೂಲೆಯಲ್ಲಿ ಕುಳಿತು ಅತ್ತಿದ್ದೆ, ಅಷ್ಟೇ. ಆಮೇಲೆ ತಲೆ ತಗ್ಗಿಸಿ, ದನಿ ತಗ್ಗಿಸಿ, ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ. ಸಾರಿಗೆ ಉಪ್ಪು ಸಾಲದಿದ್ದರೂ ಕೇಳದೆ ಉಂಡವಳು ನಾನು. ಒಳ್ಳೆಯ ಸೊಸೆ ಎಂದರೆ ಹೀಗೆ ಎಂದು ನಂಬಿದ್ದೆ.

ಊರು ಸುಮ್ಮನಿರುತ್ತದೆಯೇ? ಮೊದಲ ವರ್ಷ, ನಿಮ್ಮ ಮನೆಗೆ ಕೈನೀರಿನ ಚಿಂತೆಯಿಲ್ಲ ಬಿಡಿ ಎಂದು ಹೊಟ್ಟೆಕಿಚ್ಚು ಪಟ್ಟರು. ಎರಡನೆಯ ವರ್ಷ ನನಗೆ ಆಟೋಮ್ಯಾಟಿಕ್ ಎಂದು ಅಡ್ಡಹೆಸರಿಟ್ಟರು. ಮೂರನೆಯ ವರ್ಷದಿಂದ ನಗು ನಿಂತು ಪಿಸುಮಾತು ಸುರುವಾಯಿತು. ನಿಂಬೆವ್ವ ಸೊಸೆಯನ್ನು ಒಳಗೆ ಬಿಟ್ಟುಕೊಂಡಿಲ್ಲ ಎಂದು ಅರ್ಧ ಊರು ಹೇಳಿತು. ಅವಳಿಗೇ ಇಲ್ಲಿ ಮನಸ್ಸಿಲ್ಲ ಎಂದು ಇನ್ನರ್ಧ. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಕರೆದರೆ ಊರ ಹೆಣ್ಣುಮಕ್ಕಳೆಲ್ಲ ತೊಟ್ಟಿಲ ಸುತ್ತ, ನಾನು ಮಾತ್ರ ಪರವೂರಿನ ನೆಂಟರ ಜೊತೆ ಜಮಖಾನೆಯ ಮೇಲೆ. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಮೊದಲು ನನಗೇ ಶರಬತ್ತು ತಂದುಕೊಡುತ್ತಿದ್ದರು. ಆ ಶರಬತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಒಂದು ಸಲ ಆ ಹಾಳು ಪಂಪು ನನ್ನ ನೀರನ್ನು ಉಗುಳಬೇಕು. ಪ್ರತಿದಿನ ಕೊಡ ಎತ್ತುವಾಗ ಇವತ್ತಾದರೂ ಎಂದುಕೊಳ್ಳುತ್ತಿದ್ದೆ. ಪ್ರತಿದಿನ ಅದು ಗಟಗಟ ಕುಡಿದು ಧಾರಾಳವಾಗಿ ನೀರು ಕೊಡುತ್ತಿತ್ತು. ಅತ್ತೆ ಹಿಂದೆ ನಿಂತು ಶಾಣ್ಯಾಕಿ ನನ್ನ ಸೊಸಿ ಎನ್ನುವರು, ನಾನು ನಕ್ಕು ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅಳುವೆ. ಗಂಡನಿಗೆ ಹೇಳಿದರೆ, ನೀರು ಬರ್ತೈತಲ್ಲ, ಮತ್ತೇನ ಬೇಕು ಅಂದರು. ಗಂಡಸರ ಬುದ್ಧಿ!

ಆರನೆಯ ವರ್ಷದ ಹೊಸ್ತಿಲಲ್ಲಿ ಪಂಪು ರಿಪೇರಿಯ ಮಕ್ತುಂಸಾಬ ಒಂದು ಕಬ್ಬಿಣದ ಡ್ರಮ್ಮನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ. ಬಾವಿಯಿಂದ ಬರುವ ಪೈಪು ಡ್ರಮ್ಮಿನ ತಲೆಗೆ, ಪಂಪಿಗೆ ಹೋಗುವ ಪೈಪು ಡ್ರಮ್ಮಿನ ಬುಡಕ್ಕೆ, ಮೇಲೆ ಗಾಳಿಯಾಡದಂತೆ ರಬ್ಬರಿನ ಬಳೆ ಹಾಕಿದ ಮುಚ್ಚಳ, ಕೆಳಗೆ ತೊಳೆದಾಗ ನೀರು ಬಿಡಲು ತಿರುಪಿನ ಒಂದು ಬಿರಡೆ. ಒಂದೇ ಒಂದು ಸಲ ಹೊರಗಿನ ಕೈ ಈ ಡ್ರಮ್ಮನ್ನು ತುಂಬಿದರೆ ಸಾಕಂತೆ. ಮೋಟರು ನಿಂತಾಗ ಪೈಪಿನ ನೀರು ಬಾವಿಗೆ ಇಳಿದರೂ ಡ್ರಮ್ಮಿನ ನೀರು ಅಲ್ಲೇ ನಿಲ್ಲುತ್ತದೆ. ಮತ್ತೆ ಗುಂಡಿ ಒತ್ತಿದಾಗ ಪಂಪು ಮೊದಲು ಅದನ್ನೇ ಎಳೆಯುತ್ತದೆ. ಅದು ಖಾಲಿಯಾದಂತೆಲ್ಲ ಆ ಜಾಗಕ್ಕೆ ಬಾವಿಯ ನೀರು ತಾನಾಗಿಯೇ ಏರಿ ಬರುತ್ತದೆ. ಪಂಪಿಗೆ ಕೈನೀರು ಕೇಳುವ ಪ್ರಸಂಗವೇ ಬರುವುದಿಲ್ಲ ಎಂದು ಮಕ್ತುಂಸಾಬ ಎದೆ ತಟ್ಟಿಕೊಂಡ. ತಾನೇ ಒಂದು ಕೊಡ ಹೊಯ್ದು ಗುಂಡಿ ಒತ್ತಿದ. ನೀರು ಬಂತು. ನಿಲ್ಲಿಸಿ, ಚಹಾ ಕುಡಿದು, ಮತ್ತೆ ಒತ್ತಿದ. ಮತ್ತೆ ಬಂತು. ನೋಡಲು ಬಂದಿದ್ದ ಓಣಿಯವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಅತ್ತೆ ಅದನ್ನು ತರಿಸಿದ್ದು ನನಗಾಗಿ. ಇನ್ನ ನಿನಗ ತೊಂದರಿಲ್ಲವಾ, ಕೊಡ ಎತ್ತೂದ ಬ್ಯಾಡ, ಯಾರೂ ಏನೂ ಆಡೂದಿಲ್ಲ ಎಂದು ನನ್ನ ಬೆನ್ನು ಸವರಿದರು. ಆ ಮುಖದಲ್ಲಿ ಎಷ್ಟು ಅಕ್ಕರೆಯಿತ್ತು ಅಂದರೆ ಏನು ಹೇಳಲಿ ನಾನು? ಒಳ್ಳೇದಾತ್ರಿ ಅತ್ತಿ ಎಂದೆ. ಒಳಗೆ ಮಾತ್ರ ನನ್ನ ಜೀವ ಕುಸಿದುಹೋಯಿತು. ಪಂಪು ಉಗುಳಬೇಕಾದರೆ ನಾನು ಹೊಯ್ಯಬೇಕು. ಇನ್ನು ಹೊಯ್ಯುವುದೇ ಇಲ್ಲ ಎಂದ ಮೇಲೆ ನಾನು ಯಾರು ಎಂದು ನನಗೆ ಗೊತ್ತಾಗುವುದಾದರೂ ಹೇಗೆ? ಸಾಯುವ ತನಕ ಆ ಡ್ರಮ್ಮು ಬಾಯಿ ಮುಚ್ಚಿಕೊಂಡು ಕುಳಿತಿರುತ್ತದೆ, ನಾನೂ ಕುಳಿತಿರುತ್ತೇನೆ.

ಹಾಗಾಗಿ ನಾನು ಒಂದು ಕಳ್ಳಕೆಲಸಕ್ಕಿಳಿದೆ. ಸೋಮವಾರ ಹಂಡೆಗೆ ರಜೆ. ಅತ್ತೆ ಮಧ್ಯಾಹ್ನ ಮಲಗಿದಾಗ, ಗಂಡ ನೇಕಾರರ ಮನೆಗೆ ನೂಲು ಮುಟ್ಟಿಸಲು ಹೋದಾಗ, ಬಾವಿಯ ಕಟ್ಟೆಗೆ ಹೋಗಿ ಬಿರಡೆ ಬಿಚ್ಚಿ ಡ್ರಮ್ಮಿನ ನೀರನ್ನೆಲ್ಲ ಬಾಳೆಯ ಬುಡಕ್ಕೆ ಬಿಡುತ್ತಿದ್ದೆ. ಮತ್ತೆ ಬಿರಡೆ ಹಾಕಿ, ನಟ್ಟು ಬಿಗಿಯುವ ಪಾನಾದಿಂದ ತಿರುವಿ ಬಿಗಿ ಮಾಡಿ, ನನ್ನ ಕೈಯಾರೆ ಕೊಡ ಹೊಯ್ದು ಗುಂಡಿ ಒತ್ತಿ ಉಸಿರು ಹಿಡಿದು ನಿಲ್ಲುತ್ತಿದ್ದೆ. ಪ್ರತಿ ಸೋಮವಾರ ನೀರು ಬರುತ್ತಿತ್ತು. ಊರಿನಲ್ಲಿ ನೀರು ಬಂತೆಂದು ಅತ್ತವಳು ನಾನೊಬ್ಬಳೇ ಇರಬೇಕು. ಬಾಳೆ ಮಾತ್ರ ದಷ್ಟಪುಷ್ಟವಾಗಿ ಬೆಳೆಯಿತು.

ಅದೊಂದು ಸೋಮವಾರ ಬಿರಡೆಯನ್ನು ಕೈಯಿಂದ ತಿರುವಿ ಹಾಕಿ, ನೀರು ಹೊಯ್ದು, ಗುಂಡಿ ಒತ್ತಿದೆ. ಯಥಾಪ್ರಕಾರ ನೀರು. ಪಾನಾ ಎತ್ತಿಕೊಳ್ಳುವಷ್ಟರಲ್ಲಿ ಒಳಗಿನಿಂದ ಅತ್ತೆ, ಚಹಾ ಮಾಡೀನಿ ಬಾರವಾ ಎಂದು ಕೂಗಿದರು. ಗಾಬರಿಯಲ್ಲಿ ಮೋಟರು ನಿಲ್ಲಿಸಿ, ಪಾನಾವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದೆ. ಬಿಗಿ ಮಾಡುವುದು ಮರೆತೇಹೋಯಿತು.

ಮರುದಿನ ಮಂಗಳವಾರ, ಒಂದು ದೊಡ್ಡ ಮದುವೆಯ ಸೀರೆಗಳಿಗೆಂದು ಬಂದಿದ್ದ ನೂಲು ಹಂಡೆಗಿಳಿದಿತ್ತು. ದಾಳಿಂಬೆ ಕೆಂಪಿನ ಕಟ್ಟಳೆ ಏನೆಂದರೆ, ಹಂಡೆಯಿಂದ ಎತ್ತಿದ ಲಡಿಯನ್ನು ತಡಮಾಡದೆ ಹರಿಯುವ ನೀರಿನಲ್ಲಿ ಜಾಲಿಸಬೇಕು. ಗಾಳಿಗೆ ಒಣಗಿತೋ, ಅಲ್ಲಲ್ಲಿ ಕಪ್ಪು ಮಚ್ಚೆ ಕೂರುತ್ತದೆ, ಆಮೇಲೆ ಅದನ್ನು ದೇವರು ಬಂದರೂ ತೆಗೆಯಲಾರ. ಗಂಡ ಕೋಲಿನಿಂದ ಲಡಿ ಎತ್ತಿಕೊಡುತ್ತಿದ್ದರು, ಅತ್ತೆ ತೊಟ್ಟಿಯ ಬಳಿ ಕಚ್ಚೆ ಕಟ್ಟಿ ನಿಂತು ಜಾಲಿಸುತ್ತಿದ್ದರು. ನಾನು ಎಂದಿನಂತೆ ನೆರಳಿನಲ್ಲಿ ನೂಲು ಒಣಹಾಕುವ ಹಗ್ಗ ಸರಿ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಪಂಪು ಕೆಮ್ಮಿತು. ದಪ್ಪಗೆ ಬೀಳುತ್ತಿದ್ದ ಧಾರೆ ಸಣ್ಣಗಾಯಿತು, ದಾರದಷ್ಟಾಯಿತು, ನಿಂತಿತು. ಮೋಟರಿನ ಬರೀ ಸದ್ದು ಉಳಿಯಿತು.

ಎಲ್ಲರೂ ಪಂಪಿನ ಕಡೆ ಓಡಿದೆವು. ಡ್ರಮ್ಮಿನ ಬುಡದಲ್ಲಿ ಬಿರಡೆ ನಡುಕಕ್ಕೆ ಸಡಿಲವಾಗಿ ಇನ್ನೇನು ಬೀಳುವಂತಿತ್ತು, ಅಲ್ಲಿಂದ ಸುಯ್ಯೆಂದು ಗಾಳಿ ಒಳಗೆ ಹೋಗುತ್ತಿತ್ತು. ಗಂಡ ಮೋಟರು ನಿಲ್ಲಿಸಿದರು. ಅತ್ತೆ ಬಿರಡೆಯನ್ನು ಮುಟ್ಟಿ ನೋಡಿ, ಮಕ್ತುಂಸಾಬನನ್ನು ಬೈಯಲು ಸುರುಮಾಡಿದರು. ಅವನ ಕೈಗೆ ಲಕ್ವಾ ಹೊಡೆಯಲಿ ಎಂದರು, ಅವನ ಸೈಕಲ್ಲಿಗೂ ಶಾಪ ಹಾಕಿದರು. ಆಚೆ ಕೋಲಿನ ಮೇಲೆ ಎತ್ತಿಟ್ಟ ಕೆಂಪು ಲಡಿಗಳು ಹಬೆಯಾಡುತ್ತಿದ್ದವು.

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಆ ಬಡಪಾಯಿ ಮಾಡದ ತಪ್ಪಿಗೆ ಬೈಸಿಕೊಳ್ಳುವುದು ನೋಡಲಾಗಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟೇ ಅಲ್ಲ, ಆ ಬೈಗುಳ ನನಗೆ ಬರಬೇಕಾದದ್ದು, ಅವನಿಗೆ ಯಾಕೆ ಹೋಗಬೇಕು ಎಂಬ ಉರಿಯೂ ಇತ್ತು. ಬಿರಡೆ ಬಿಚ್ಚಿದವಳು ನಾನು ಎಂದೆ. ವಾರ ವಾರವೂ ಬಿಚ್ಚುತ್ತೇನೆ, ನಿನ್ನೆ ಬಿಗಿ ಮಾಡುವುದು ಮರೆತೆ ಎಂದೆ.

ಗಂಡ ಕಣ್ಣು ಕಣ್ಣು ಬಿಟ್ಟರು. ಅತ್ತೆಯ ಬಾಯಿ ಅರ್ಧ ಬೈಗುಳದಲ್ಲೇ ನಿಂತಿತು. ಆ ಬಾಯಿ ಇನ್ನೊಮ್ಮೆ ತೆರೆಯಿತು, ಮುಚ್ಚಿತು. ನುಂಗಿದ್ದು ನನಗೆ ಕಂಡಿತು. ಆಮೇಲೆ ಅವರು ಮೆತ್ತಗೆ, ಬೀಗರ ಮಗುವಿಗೆ ಹೇಳುವ ಹಾಗೆ ಹೇಳಿದರು.

“ಇರಲಿ ಬಿಡವಾ. ಆಗೂದ ಆಗಿಹೋತು. ನೀ ಮನಸಿಗೆ ಹಚಗೋಬ್ಯಾಡ.”

ನನ್ನ ತಲೆಯಲ್ಲಿ ಏನು ಹರಿಯಿತೋ ಗೊತ್ತಿಲ್ಲ. ಐದು ವರ್ಷ ತಗ್ಗಿಸಿದ್ದ ದನಿ ಒಮ್ಮೆಗೇ ಎದ್ದು ಬಂತು. ಎಡಮಗ್ಗುಲಿನ ಕಸ್ತೂರವ್ವನ ಮನೆಯ ತನಕ ಕೇಳಿತಂತೆ, ಆಮೇಲೆ ಅವರೇ ಹೇಳಿದರು.

“ಬೈಯ್ರಿ ನನಗ! ಎಮ್ಮಿಗೆ ಬೈತೀರಿ, ಮೋಡಕ್ಕ ಬೈತೀರಿ, ನಾ ಏನ ಪಾಪ ಮಾಡೀನಿ? ಮದವಿ ನೂಲ ಹಾಳ ಮಾಡೀನಿ, ಇವತ್ತೂ ಬೈಯೂದಿಲ್ಲಂದ್ರ ಮತ್ತ ಯಾವಾಗ ಬೈತೀರಿ? ನಾ ಸತ್ತ ಮ್ಯಾಲೇನು?”

ಅಷ್ಟಕ್ಕೇ ನಿಲ್ಲಲಿಲ್ಲ. ಬೀಗರ ತಟ್ಟೆಯಲ್ಲಿ ಉಂಡು ಉಂಡು ನನಗೆ ಹೇಸಿಗೆಯಾಗಿದೆ ಎಂದೆ. ಜಮಖಾನೆಯ ಮೇಲೆ ಕುಳಿತು ಕುಳಿತು ಸೊಂಟ ಹಿಡಿದಿದೆ ಎಂದೆ. ಸಾರಿಗೆ ನೀವು ಹಾಕುವ ಉಪ್ಪು ಯಾವತ್ತೂ ಸಾಲುವುದಿಲ್ಲ ಎಂದೂ ಹೇಳಿಬಿಟ್ಟೆ. ಅದು ಯಾಕೆ ಆಗ ಬಂತೋ ಗೊತ್ತಿಲ್ಲ, ಬಂದುಬಿಟ್ಟಿತು. ಬಿರಡೆ ಯಾಕೆ ಬಿಚ್ಚುತ್ತಿದ್ದೆ ಎಂಬುದನ್ನು ಮಾತ್ರ ಅಳು ನುಗ್ಗಿ ಬಂದು ಪೂರ್ತಿ ಹೇಳಲಾಗಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಹೆಂಗಸಿಗೆ ಅರ್ಥವಾಯಿತು.

ಅತ್ತೆಯ ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು.

“ನನಗ ಬೈಯಾಕ ಬರೂದಿಲ್ಲಂತ ತಿಳದೀಯೇನ?” ಎಂದರು. “ನಮ್ಮತ್ತಿ ಅಂದ ಮಾತ ಇನ್ನೂ ನನ್ನ ಎದಿಯಾಗ ಚುಚ್ಚತಾವ. ನೀ ಬಂದ ವಾರ ಮೂಲ್ಯಾಗ ಕುಂತ ಅಳತಿದ್ದಿ, ನಾ ನೋಡೇನಿ. ಒಂದ ಮಾತ ಅಂದ್ರ ಎದ್ದ ಹೋದೀ ಅಂತ ಹೆದರಿ ಐದ ವರ್ಷ ನಾಲಗಿ ಕಚಗೊಂಡೀನಲ್ಲ, ನನ್ನ ಸಂಕಟ ಯಾರಿಗೆ ಗೊತ್ತೈತಿ?”

ಹೀಗೆಂದು ಕಣ್ಣೊರೆಸಿಕೊಂಡರು. ಒರೆಸಿಕೊಂಡ ಕೈ ಕೆಳಗಿಳಿಯುವಷ್ಟರಲ್ಲಿ ಕಟ್ಟೆ ಒಡೆಯಿತು ನೋಡಿ. ಬುದ್ಧಿಗೇಡಿ ಎಂದರು. ಬಿರಡೆ ಬಿಗಿ ಮಾಡಲು ಬಾರದವಳು ಬಿಚ್ಚಲು ಯಾಕೆ ಹೋದೆ ಎಂದರು. ನಾನು ಗಂಟು ಹಾಕಿದ್ದ ಲಡಿಗಳ ಲೆಕ್ಕ ತೆಗೆದರು, ಹೊತ್ತಿಸಿದ ಅನ್ನದ ಲೆಕ್ಕ ತೆಗೆದರು. ಒಂದನ್ನೂ ಮರೆತಿರಲಿಲ್ಲ ಮಹಾತಾಯಿ. ಉಪ್ಪಿನ ಮಾತು ಎಲ್ಲಕ್ಕಿಂತ ಹೆಚ್ಚು ಉರಿ ಹತ್ತಿಸಿತ್ತು, ಅದಕ್ಕೆ ಬೇರೆಯೇ ಬೈಗುಳ ಸಿಕ್ಕಿತು. ಊರವರ ನೂಲೆಂದು ತಿಳಿದೆಯಾ, ನಿನ್ನ ಮನೆಯ ಬಾಯಿಗೆ ನೀನೇ ಮಣ್ಣು ಹಾಕಿಕೊಂಡೆಯಲ್ಲೇ ಎಂದು ಹಣೆ ಚಚ್ಚಿಕೊಂಡರು. ನಾನು ಬಾಯಿ ಮುಚ್ಚಿಕೊಂಡಿದ್ದೆನೇ? ಇಲ್ಲ. ಒಂದಕ್ಕೆ ಒಂದು ಉತ್ತರ ಕೊಡುತ್ತಲೇ ಇದ್ದೆ. ನಮ್ಮಿಬ್ಬರ ನಡುವೆ ಗಂಡ ಪಾನಾ ಹಿಡಿದು, ಯಾರ ಪರ ನಿಲ್ಲುವುದೆಂದು ತಿಳಿಯದೆ, ಕೊನೆಗೆ ಬಿರಡೆಯ ಪರ ನಿಂತು ಅದನ್ನು ಬಿಗಿ ಮಾಡಿದರು.

ಅವರೇ ನೆನಪಿಸಿದರು, ನೂಲು ಒಣಗುತ್ತದೆ ಎಂದು. ಇಬ್ಬರೂ ಬಾಯಿ ನಿಲ್ಲಿಸಿದೆವು. ಅತ್ತೆ ಡ್ರಮ್ಮಿನ ಮುಚ್ಚಳ ಕಿತ್ತು, ಹಾಕು ನೀರು, ನಿಂತು ನೋಡಬೇಡ ಎಂದರು. ತೊಂದರಿ ತಗೋತೀಯೇನವಾ ಎಲ್ಲ ಇಲ್ಲ. ನಾನು ಕಟ್ಟೆಯ ಮೇಲಿದ್ದ ಕೊಡ ಎತ್ತಿ ಡ್ರಮ್ಮಿಗೆ ಸುರಿದೆ. ಮುಚ್ಚಳ ಬಿಗಿದು ಗಂಡ ಗುಂಡಿ ಒತ್ತಿದರು. ಪಂಪು ನೀರನ್ನು ಎಳೆದುಕೊಂಡಿತು, ಗೊರಗೊರ ಎಂದಿತು, ಮುಚ್ಚಳ ಹಾರಿಸಿ ಪೂರ್ತಿ ಕೊಡದ ನೀರನ್ನು ನನ್ನ ಮುಖಕ್ಕೇ ಉಗುಳಿತು.

ಕೂದಲು, ಸೀರೆ, ರವಿಕೆ, ಎಲ್ಲ ತೊಯ್ದು ತೊಪ್ಪೆ. ಗಂಡ ಮುಚ್ಚಳ ಸರಿಯಾಗಿ ಕೂತಿರಲಿಲ್ಲವೇನೋ ಎಂದು ಗೊಣಗಿದರು. ಅತ್ತೆ ಕೈಯೆತ್ತಿ ಅವರನ್ನು ಸುಮ್ಮನಿರಿಸಿ, ಇನ್ನೊಂದು ಕೊಡ ತುಂಬಿ ನನ್ನ ಕೈಗೆ ಕೊಟ್ಟರು. ನಾನು ಮತ್ತೆ ಹೊಯ್ದೆ. ಗಂಡ ಮುಚ್ಚಳವನ್ನು ಪಾನಾ ಹಾಕಿ ಬಿಗಿದರು. ಈ ಸಲ ಪಂಪು ಮೇಲಿನ ತನ್ನ ಬಾಯಿಯಿಂದಲೇ ಉಗುಳಿತು, ಅರ್ಧ ನನಗೆ, ಅರ್ಧ ಅತ್ತೆಗೆ.

ಆ ಗಳಿಗೆಯಲ್ಲಿ ನಾನು ಏನೇನೋ ಮಾಡುತ್ತೇನೆ ಎಂದುಕೊಂಡಿದ್ದೆ, ಐದು ವರ್ಷದಿಂದ ಯೋಚಿಸಿಟ್ಟಿದ್ದೆ. ಕಾಲಿಗೆ ಬೀಳಬೇಕು, ದೇವರ ಮುಂದೆ ದೀಪ ಹಚ್ಚಬೇಕು, ತವರಿಗೆ ಹೇಳಿಕಳಿಸಬೇಕು. ಒಂದೂ ನೆನಪಾಗಲಿಲ್ಲ. ಮುಖದಿಂದ ನೀರಿಳಿಯುತ್ತಿತ್ತು, ನಾನು ನಗುತ್ತ ನಿಂತೆ. ಅತ್ತೆ ನನ್ನ ಮುಖ ನೋಡಿದರು. ನನ್ನ ಗಲ್ಲ ಹಿಡಿದು ಏನೋ ಹೇಳಲು ಬಂದರು. ಹೇಳಲಾಗದ್ದಕ್ಕೆ ಮತ್ತೆ ಸಿಟ್ಟು ಬಂತು.

“ಹಲ್ಲ ಕಿಸಕೊಂಡ ಏನ ನಿಂತೀ? ಖಾಲಿ ಕೊಡ ತಗೊಂಡ ಕಸ್ತೂರವ್ವನ ಮನೀಗೆ ಓಡ. ನೂಲ ಒಣಗಾಕತ್ತೈತಿ.”

ಓಡಿದೆ. ಒದ್ದೆ ಸೀರೆ ಕಾಲಿಗೆ ತೊಡರುತ್ತಿತ್ತು, ಸೊಂಟದ ಮೇಲೆ ಖಾಲಿ ಕೊಡ. ಓಣಿಯಲ್ಲಿ ನೂರಾರು ಸಲ ನಡೆದಿದ್ದೇನೆ, ಖಾಲಿ ಕೊಡ ಹಿಡಿದು ಒಮ್ಮೆಯೂ ಇಳಿದಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದವರು ಕೊಡದ ಕಡೆ ಕತ್ತು ಚಾಚಿದರು. ಯಾರೋ ಎದ್ದು ನಿಂತರು. ಕಸ್ತೂರವ್ವ, ನನ್ನ ಅತ್ತೆಯ ಓರಗೆಯವರು, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಹೊಸ್ತಿಲ ಮುಂದೆ ನಿಂತೆ. ಅವರು ತಲೆಯೆತ್ತಿ ಕೊಡ ನೋಡಿದರು, ನನ್ನ ಒದ್ದೆ ತಲೆ ನೋಡಿದರು. ಕೇಳುವ ಪದ್ಧತಿಯಿಲ್ಲ ಎಂದು ಗೊತ್ತಿದ್ದರೂ ನನಗೆ ತಡೆಯಲಾಗಲಿಲ್ಲ.

“ನಮ್ಮ ಪಂಪ ನನ್ನ ನೀರ ಒಲ್ಲೆ ಅಂತೈತ್ರಿ” ಎಂದೆ.

ಮೊರದ ತುಂಬ ಇದ್ದ ಜೋಳ ನೆಲಕ್ಕೆ ಚೆಲ್ಲಿತು. ಅದರ ಮೇಲೇ ಕಾಲಿಟ್ಟುಕೊಂಡು ಕಸ್ತೂರವ್ವ ಬಂದು, ನನ್ನ ಕೈಯಿಂದ ಕೊಡ ಕಸಿದು, ತಮ್ಮ ನೀರಿನ ಹಂಡೆಯಿಂದ ತುಂಬಿಕೊಂಡು ನನಗಿಂತ ಮುಂದೆ ಓಡಿದರು, ಆ ವಯಸ್ಸಿನಲ್ಲಿ. ನಿಂಬೆವ್ವನ ಸೊಸಿದ ಆತ್ರೆವಾ ಎಂದು ಓಣಿಗೆಲ್ಲ ಕೇಳುವಂತೆ ಸಾರುತ್ತ ಹೋದರು. ನಾವು ಬಾವಿಕಟ್ಟೆ ಮುಟ್ಟುವಷ್ಟರಲ್ಲಿ ಹಿಂದೆ ಅರ್ಧ ಓಣಿ ಇತ್ತು. ಅವರು ಹೊಯ್ದ ನೀರನ್ನು ಪಂಪು ತುಟಿಪಿಟಕ್ಕೆನ್ನದೆ ಕುಡಿಯಿತು. ಧಾರೆ ದಪ್ಪಗೆ ತೊಟ್ಟಿಗೆ ಬಿತ್ತು. ಬಂದವರೆಲ್ಲ ಸೆರಗು ಸಿಕ್ಕಿಸಿ ಲಡಿಗೆ ಕೈ ಹಾಕಿದರು. ನಾನೂ ಮೊಣಕೈ ತನಕ ಇಳಿಸಿದೆ, ಬೇಡ ಎನ್ನುವವರು ಯಾರೂ ಇರಲಿಲ್ಲ. ಕೆಲವು ಲಡಿಗಳಿಗೆ ಮಚ್ಚೆ ಕೂತೇಬಿಟ್ಟಿತ್ತು, ಅವುಗಳ ಬದಲಿಗೆ ಆಮೇಲೆ ಹೊಸ ನೂಲು ಹಾಕಿಕೊಟ್ಟೆವು. ಉಳಿದದ್ದೆಲ್ಲ ನಿಜವಾದ ದಾಳಿಂಬೆ ಕೆಂಪು.

ಆ ಸಂಜೆ ಹೋಳಿಗೆಯಾಯಿತು. ಹೂರಣ ರುಬ್ಬುತ್ತ ಅತ್ತೆ ಎಲ್ಲರ ಮುಂದೆ ನನ್ನನ್ನು ದೂರುತ್ತಿದ್ದರು. ಎಷ್ಟು ವರ್ಷ ಯಾರ ಮನೆಯ ಹೊಸ್ತಿಲೂ ಕಾಯದೆ ಆರಾಮಾಗಿದ್ದೆ, ಇವಳ ದೆಸೆಯಿಂದ ಡ್ರಮ್ಮು ತೊಳೆದಾಗಲೆಲ್ಲ ಮತ್ತೆ ಕೊಡ ಹಿಡಿದು ಓಣಿಗಿಳಿಯಬೇಕು ಎಂದರು. ನಾನು ಒಲೆಯ ಬಳಿಯಿಂದಲೇ, ನೀವೇನ ಇಳೀಬ್ಯಾಡ್ರಿ, ನಾ ಹೋಗ್ತೀನಿ, ಹೂರಣಕ್ಕ ಉಪ್ಪ ಹಾಕೀರೇನ ನೋಡ್ರಿ ಎಂದೆ. ಎದುರು ಮಾತಾಡುತ್ತಾಳೆ ನೋಡಿದೆಯಾ ಎಂದು ಅತ್ತೆ ಕಸ್ತೂರವ್ವನ ಕಡೆ ತಿರುಗಿದರು. ಆ ಮುಖದಲ್ಲಿದ್ದ ಹೆಮ್ಮೆಯನ್ನು ನೀವು ನೋಡಬೇಕಿತ್ತು. ಚಿಟಿಕೆ ಉಪ್ಪು ಹಾಕಿದ್ದನ್ನೂ ನಾನು ನೋಡಿದೆ.

ಮರುದಿನ ಬೆಳಿಗ್ಗೆ ನನಗೆ ಎಚ್ಚರವಾಗಲಿಲ್ಲ. ಈ ಮನೆಗೆ ಬಂದಂದಿನಿಂದ ಎಲ್ಲರಿಗಿಂತ ಮೊದಲು ಎದ್ದು, ಮುಖ ತೊಳೆದು, ತಲೆ ಬಾಚಿ ಕುಳಿತಿರುತ್ತಿದ್ದವಳು ನಾನು. ಅಂದು ಕಿಟಕಿಯ ಬಿಸಿಲು ಕಾಲಿನ ತನಕ ಬಂದಿತ್ತು. ಅತ್ತೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, ಹೊತ್ತು ನೆತ್ತಿಗೆ ಬಂತು, ಹಂಡೆಗೆ ಬೆಂಕಿ ಯಾರು ಹಾಕಬೇಕು, ನಿಮ್ಮ ಕಾಕಾ ಬರುತ್ತಾನೇನೇ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು.

ನಾನು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡೆ.

“ಇನ್ನ ಸ್ವಲ್ಪ ಹೊತ್ತು ಮಕ್ಕೊಳ್ಳಾಕ ಬಿಡ್ರಿ ಅತ್ತೀ” ಎಂದೆ, ಮತ್ತೆ ನಿದ್ದೆ ಹೋದೆ.